ಇರುವೆ ಕಾಣುವ ಕಲ್ಲು



ಹಿಂದಿನ ಸಂಚಿಕೆಯಲ್ಲಿ ಉದ್ರಿ ವಸೂಲಿಯ ಬಗ್ಗೆ ಬರೆದಿದ್ದೆ. ಅದರ ಬಗ್ಗೆ ಬಂದ ಪತ್ರಗಳಿಗಿಂತ ಅಡಿಗೆ ಕಟ್ಟೆಗೆ ಯಾವ ಗ್ರಾನೈಟ್ ಹಾಕಿಸಬೇಕು ಎಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು. ಹೊಸೂರಿನ ಒಬ್ಬ ತಾಯಿ, ಅಕ್ಕಲಕೋಟೆಯ ಒಬ್ಬ ತರುಣ ವ್ಯಾಪಾರಿ, ಮಡಕಶಿರಾ ಕಡೆಯ ಒಬ್ಬ ಹಿರಿಯರು ಬರೆದಿದ್ದಾರೆ. ಜತ್ತಿನಲ್ಲಿ ನಾನು ಫರಸಿ, ಗ್ರಾನೈಟ್ ವ್ಯಾಪಾರ ಮಾಡುತ್ತಿರುವುದು ಓದುಗರಿಗೆ ಗೊತ್ತಿದ್ದೇ ಇದೆ. ಇಷ್ಟು ದಿನ ಈ ವಿಷಯ ಬರೆಯದೆ ಬಿಟ್ಟದ್ದಕ್ಕೆ ಎರಡು ಕಾರಣ. ಒಂದು, ತನ್ನ ಅಂಗಡಿಯ ಮಾಲನ್ನೇ ಹೊಗಳುತ್ತಾನೆ ಎಂದು ನೀವು ಅಂದುಕೊಳ್ಳಬಾರದೆಂದು. ಎರಡನೆಯದು, ಈ ವಿಷಯದಲ್ಲಿ ನನ್ನದೇ ಒಂದು ತಪ್ಪು ಇದೆ. ಅದನ್ನು ಹೇಳದೆ ಉಪದೇಶ ಮಾಡಿದರೆ ಸರಿಯಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

2019ರಲ್ಲಿ ನಾವು ಹೊಸ ಮನೆ ಕಟ್ಟಿಸಿದೆವು. ಅಡಿಗೆ ಕಟ್ಟೆಗೆ ನಾನೇ ಟ್ಯಾನ್ ಬ್ರೌನ್ ಆರಿಸಿ ಹಾಕಿಸಿದೆ. ತೆಲಂಗಾಣದ ಕರೀಂನಗರ ಕಡೆಯ ಕಲ್ಲು ಅದು. ಕಪ್ಪು ನೆಲದ ಮೇಲೆ ಕಂದು ಬಣ್ಣದ ದೊಡ್ಡ ದೊಡ್ಡ ಚುಕ್ಕೆ. ಗಟ್ಟಿ ಕಲ್ಲು, ಎಣ್ಣೆ ಹೀರುವುದು ಕಡಿಮೆ, ಬೆಲೆಯೂ ಕೈಗೆಟುಕುವಂಥದು. ಅಂಗಡಿಗೆ ಬಂದ ಹೆಣ್ಣುಮಕ್ಕಳಿಗೆ ಇಪ್ಪತ್ತು ವರ್ಷ ನಾನು ಹೇಳಿದ ಮಾತು ಒಂದೇ: "ತಾಯಿ, ಇದನ್ನ ಹಾಕಸ್ರಿ, ಎಷ್ಟs ಕಸ ಬಿದ್ರೂ ಕಾಣಂಗಿಲ್ಲ." ಈ ಒಂದು ಮಾತಿನ ಮೇಲೆ ಎಷ್ಟು ಲಾರಿ ಮಾಲು ಹೋಗಿದೆಯೋ ಲೆಕ್ಕವಿಲ್ಲ.

ಹೊಸ ಮನೆಗೆ ಬಂದ ತಿಂಗಳೊಳಗೆ ನನ್ನ ಹೆಂಡತಿ ಹೇಳಿದಳು, "ಏನ್ರೀ, ಈ ಕಲ್ಲಿನ ಮ್ಯಾಲ ಇರಿವಿ ಕಾಣಸೂದಿಲ್ಲ ನೋಡ್ರಿ." ನಾನು ನಕ್ಕು, "ಏನೂ ಕಾಣಬಾರದು ಅಂತನs ಹಾಕಿಸೀನಿ" ಅಂದೆ. ಮಾತು ಅಲ್ಲಿಗೇ ಮುಗಿಯಿತು.

2022ರ ಚಾತುರ್ಮಾಸದಲ್ಲಿ ನಮ್ಮ ಊರಿಗೆ ಮುನಿಸಂಘ ಬಂದಿತ್ತು. ಒಂದು ದಿನ ಮಹಾರಾಜರ ಆಹಾರ ನಮ್ಮ ಮನೆಯಲ್ಲಿ ಆಗುವ ಪುಣ್ಯ ಒದಗಿತು. ಹಿಂದಿನ ದಿನದಿಂದಲೇ ಮನೆಯವರೆಲ್ಲ ಕೆಲಸಕ್ಕೆ ನಿಂತರು. ಧಾನ್ಯ ಆರಿಸಿದ್ದು ಮೂರು ಮೂರು ಸಲ, ನೀರು ಸೋಸಿದ್ದು ದಪ್ಪ ಬಟ್ಟೆಯಲ್ಲಿ, ಹಿಟ್ಟು ಮನೆಯಲ್ಲೇ ಬೀಸಿದ್ದು. ಎಲ್ಲರೂ ಮಡಿಯಲ್ಲಿ ನಿಂತು ಆಹಾರ, ಜಲ ಶುದ್ಧವಾಗಿದೆ ಎಂದು ಬಾಯಿತುಂಬ ಹೇಳಿದೆವು. ಮಹಾರಾಜರು ನಿಂತು ಕೈಯೊಡ್ಡಿದರು. ಮೂರನೆಯ ತುತ್ತಿನಲ್ಲಿ ಒಂದು ಸತ್ತ ಇರುವೆ. ನಾವು ಯಾರೂ ನೋಡಿರಲಿಲ್ಲ, ಅವರು ನೋಡಿದರು. ಕೈ ಬಿಟ್ಟರು. ಅಂತರಾಯ ಆಯಿತು.

ದಿಗಂಬರ ಮುನಿಗಳ ಆಹಾರದ ನಿಯಮ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ದಿನಕ್ಕೆ ಒಂದೇ ಸಲ, ನೀರೂ ಅದೇ ವೇಳೆಯಲ್ಲಿ. ಅಂತರಾಯವಾದರೆ ಮರುದಿನದವರೆಗೆ ಏನೂ ಇಲ್ಲ. ಅಂದು ಉಪವಾಸದ ಮರುದಿನ ಬೇರೆ. ಮಹಾರಾಜರು ನಮಗೆ ಒಂದು ಕಟುಮಾತು ಆಡಲಿಲ್ಲ. ಶಾಂತವಾಗಿ ಕುಳಿತು, ಬಾಯಿ ತೊಳೆದುಕೊಂಡು ಹೊರಟರು. ಅವತ್ತು ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಹೆಂಡತಿ ಅಳುತ್ತ ಕುಳಿತವಳು ನನ್ನನ್ನು ದೂರಲಿಲ್ಲ, ತನ್ನ ಕಣ್ಣನ್ನೇ ದೂರಿಕೊಂಡಳು. ಸೊಸೆ ಮಾತ್ರ ಸಂಜೆ ಟಾರ್ಚು ತಂದು ಕಟ್ಟೆಯ ಮೇಲೆ ಅಡ್ಡ ಹಿಡಿದು, "ಮಾಮಾ, ಇಲ್ಲಿ ನೋಡ್ರಿ" ಅಂದಳು. ಕಂದು ಚುಕ್ಕೆ, ಕಪ್ಪು ಚುಕ್ಕೆಗಳ ನಡುವೆ ಇರುವೆಗಳ ಒಂದು ಸಾಲೇ ಗೋಡೆಯ ಸಂದಿಯಿಂದ ಹೊರಟು, ತಾಟು ಇಡುವ ಜಾಗದ ಪಕ್ಕದಲ್ಲೇ ಹಾಯ್ದು ಹೋಗುತ್ತಿತ್ತು. ಟಾರ್ಚು ಆರಿಸಿದರೆ ಏನೂ ಇಲ್ಲ, ಬರೀ ಕಲ್ಲು.

ಅದಕ್ಕೇ ಕಲ್ಲು ಆರಿಸುವವರಿಗೆ ನಾನು ಈಗ ಮೊದಲು ಹೇಳುವುದು ಬಣ್ಣದ ಮಾತು. ಕಸ ಕಾಣದ ಕಲ್ಲು ನಮ್ಮ ಮನೆಗಳಿಗೆ ಬೇಡ. ಇರುವೆ, ನುಸಿ, ಬೇಳೆಯೊಳಗಿನ ಹುಳ ಕಾಣಬೇಕು, ಕಂಡರೆ ತಾನೇ ಉಳಿಸುವುದು. ಚುಕ್ಕೆ ದಟ್ಟವಾಗಿರುವ ಕಲ್ಲುಗಳೆಲ್ಲ ಈ ವಿಷಯದಲ್ಲಿ ಕೆಟ್ಟವು. ಟ್ಯಾನ್ ಬ್ರೌನ್ ಹೇಳಿಯಾಯಿತು. ಇಳಕಲ್ಲಿನ ಕೆಂಪು ಕಲ್ಲು ಗಟ್ಟಿತನದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ಮೆಟ್ಟಿಲಿಗೆ, ಹೊಸ್ತಿಲಿಗೆ ಧಾರಾಳ ಹಾಕಿಸಿರಿ. ಅಡಿಗೆ ಕಟ್ಟೆಯ ಮೇಲೆ ಅದರ ಕೆಂಪು, ಕರಿ ಕಾಳುಗಳಲ್ಲಿ ಕೆಂಪಿರುವೆ ಮರೆಯಾಗುತ್ತದೆ. ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯಿಂದ ಬರುವ ಗ್ಯಾಲಕ್ಸಿ ಕಲ್ಲಿನಲ್ಲಿ ಬಂಗಾರದ ಚುಕ್ಕೆ ಮಿಂಚುತ್ತವೆ, ನೋಡಲು ಬಹಳ ಚೆಂದ. ಆದರೆ ಮಿಂಚುವ ಚುಕ್ಕೆಗಳ ನಡುವೆ ಹರಿದಾಡುವ ಚುಕ್ಕೆಯನ್ನು ಹುಡುಕುವುದು ಕಷ್ಟ. ಅಚ್ಚ ಕರಿ ಕಲ್ಲು ಚುಕ್ಕೆಯದಕ್ಕಿಂತ ವಾಸಿ. ಅದರ ಮೇಲೆ ಹಿಟ್ಟು, ನೀರಿನ ಕಲೆ, ಕೆಂಪಿರುವೆ ಎಲ್ಲ ಎದ್ದು ಕಾಣುತ್ತವೆ. ಕರಿ ಇರುವೆ ಮಾತ್ರ ಕಾಣುವುದಿಲ್ಲ.

ಹಾಗಾದರೆ ಬಿಳಿಯದು? ಅಲ್ಲಿಯೂ ಒಂದು ತೊಡಕಿದೆ. ತಿಳಿ ಬಣ್ಣದ ಕಲ್ಲುಗಳಲ್ಲಿ ಅನೇಕವು ಎಣ್ಣೆ, ಅರಿಶಿನ ಹೀರುತ್ತವೆ. ಕಾಶ್ಮೀರ ವೈಟ್ ಎಂದು ಮಾರುವ ಕಲ್ಲಿಗೂ ಕಾಶ್ಮೀರಕ್ಕೂ ಸಂಬಂಧವಿಲ್ಲ, ಅದು ತಮಿಳುನಾಡಿನ ಮದುರೈ ಕಡೆಯದು. ಬಿಳಿ ನೆಲದಲ್ಲಿ ಕೆಂಪು ಗಾರ್ನೆಟ್ ಹರಳಿನ ಚುಕ್ಕೆಗಳಿರುತ್ತವೆ, ದೂರದಿಂದ ಥೇಟ್ ಕೆಂಪಿರುವೆ. ಮೇಲಾಗಿ ನೀರು ಹೀರುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಅಡಿಗೆ ಮನೆಗೆ ಒಪ್ಪುವುದು ಸಣ್ಣ ಕಾಳಿನ, ಒಂದೇ ಸಮನಾದ ತಿಳಿ ಬೂದು ಕಲ್ಲು. ಮಡಕಶಿರಾದವರಿಗೆ ಪಕ್ಕದ ಶಿರಾ ಕಡೆಯ ಬೂದು ಕಲ್ಲು ಸಿಗುತ್ತದೆ. ಹೊಸೂರು, ಕೃಷ್ಣಗಿರಿಯವರ ಮನೆ ಬಾಗಿಲಲ್ಲೇ ಕಲ್ಲಿನ ಕಾರ್ಖಾನೆಗಳಿವೆ, ಹತ್ತು ಕಡೆ ನೋಡಿ ಆರಿಸಬಹುದು. ಹೆಸರಿನ ಹಿಂದೆ ಹೋಗಬೇಡಿರಿ. ಒಂದೇ ಕಲ್ಲನ್ನು ಒಂದೊಂದು ಊರಲ್ಲಿ ಒಂದೊಂದು ಹೆಸರಲ್ಲಿ ಮಾರುವುದು ನಮ್ಮ ಧಂದೆಯಲ್ಲಿ ನಡೆದೇ ಇದೆ.

ಅಂಗಡಿಗೆ ಹೋಗುವಾಗ ಒಂದು ಹಿಡಿ ಸಾಸಿವೆ, ಸ್ವಲ್ಪ ಗಸಗಸೆ ಕಿಸೆಯಲ್ಲಿ ಹಾಕಿಕೊಂಡು ಹೋಗಿರಿ. ಕಲ್ಲಿನ ಮೇಲೆ ನಾಲ್ಕು ನಾಲ್ಕು ಕಾಳು ಚೆಲ್ಲಿ ಎರಡು ಮಾರು ದೂರ ನಿಂತು ನೋಡಿರಿ. ಎರಡೂ ಕಂಡರೆ ಆ ಬಣ್ಣ ನಡೆಯುತ್ತದೆ. ಅಂಗಡಿಯವನು ನಕ್ಕರೆ ನಗಲಿ.

ಬಣ್ಣ ಆದ ಮೇಲೆ ಗುಣ. ತಿಳಿ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿದಾಗ ಆ ಜಾಗ ಕಪ್ಪಾಗಿ ಉಳಿದಿದ್ದರೆ ಕಲ್ಲು ಹೀರುತ್ತದೆ. ಸ್ವಲ್ಪ ಹೀರುವ ಕಲ್ಲನ್ನು ಸೀಲರ್ ಹಚ್ಚಿ ಬಳಸಬಹುದು. ಹನಿ ಬಿದ್ದ ಕೂಡಲೇ ಕುಡಿದುಬಿಟ್ಟರೆ ಆ ಕಲ್ಲು ಬಿಡಿರಿ. ಸೀಲರ್ ಎಂದರೆ ಮೇಲೆ ಹೊಳಪು ಕೊಡುವ ಬಣ್ಣವಲ್ಲ, ಕಲ್ಲಿನ ಸಣ್ಣ ರಂಧ್ರಗಳೊಳಗೆ ಇಳಿದು ನೀರು, ಎಣ್ಣೆ ತಡೆಯುವ ದ್ರವ. ಕಟ್ಟೆ ಪೂರ್ತಿ ಒಣಗಿದ ಮೇಲೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಅದು ಶಾಶ್ವತವಲ್ಲ. ವರ್ಷಕ್ಕೊಮ್ಮೆ ಇದೇ ನೀರಿನ ಪರೀಕ್ಷೆ ಮಾಡಿ, ಹನಿ ಮುತ್ತಿನಂತೆ ನಿಲ್ಲದಿದ್ದರೆ ಮತ್ತೊಮ್ಮೆ ಹಚ್ಚಿಸಿರಿ.

ಕರಿ ಕಲ್ಲು ಕೊಳ್ಳುವವರಿಗೆ ಬೇರೆ ಎಚ್ಚರ. ಚಾಮರಾಜನಗರ, ಕನಕಪುರ ಕಡೆಯ ಅಸಲಿ ಕರಿ ಕಲ್ಲು ಹೆಸರಾದದ್ದು. ಆದರೆ ಬೂದು ಕಲ್ಲಿಗೆ ಕರಿ ಬಣ್ಣ, ಎಣ್ಣೆ ತಿಕ್ಕಿ ಕರಿ ಕಲ್ಲೆಂದು ಮಾರುವವರೂ ಇದ್ದಾರೆ. ಬಿಳಿ ಬಟ್ಟೆಗೆ ಥಿನ್ನರ್ ಹಚ್ಚಿ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಉಜ್ಜಿರಿ. ಬಟ್ಟೆ ಕಪ್ಪಾದರೆ ಅದು ಬಣ್ಣದ ಕಲ್ಲು, ಎರಡು ವರ್ಷದಲ್ಲಿ ಒಲೆಯ ಸುತ್ತ ಬೂದಾಗುತ್ತದೆ. ಇನ್ನೊಂದು, ನಿಂಬೆರಸ. ಒಂದು ಹನಿ ಬಿಟ್ಟು ಕಾಲು ಗಂಟೆಯ ಮೇಲೆ ತೊಳೆದರೆ ಹೊಳಪು ಹೋಗಿ ಮಂಕಾಗಿದ್ದರೆ ಅದು ಗ್ರಾನೈಟ್ ಅಲ್ಲ, ಸುಣ್ಣದ ಅಂಶದ ಕಲ್ಲು. ನಮ್ಮ ಕಡೆ ಹಳೆಯ ಮನೆಗಳಲ್ಲಿರುವ ಕಡಪಾ ಕಲ್ಲು ಈ ಜಾತಿಯದು.

ಬಿರುಕು ನೋಡುವುದಕ್ಕೆ ಒಂದು ಸುಲಭ ಉಪಾಯ ಹೇಳುತ್ತೇನೆ, ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಇಡೀ ಕಲ್ಲಿಗೆ ನೀರು ಹೊಯ್ದು ಒಣಗಲು ಬಿಡಿರಿ. ಮೈಯೆಲ್ಲ ಒಣಗಿದ ಮೇಲೂ ಎಲ್ಲಿಯಾದರೂ ಒದ್ದೆ ಗೆರೆ ಉಳಿದಿದ್ದರೆ ಅಲ್ಲಿ ಸೀಳಿದೆ. ಬೆರಳ ಗಂಟಿನಿಂದ ಬಡಿದರೂ ಗೊತ್ತಾಗುತ್ತದೆ, ಒಳ್ಳೆಯ ಕಲ್ಲು ಖಣಖಣ ಅನ್ನುತ್ತದೆ, ಸೀಳಿದ್ದು ಮಡಕೆಯಂತೆ ಬೊದ್ದು ಸಪ್ಪಳ ಕೊಡುತ್ತದೆ. ಹಿಂದಿನ ಮೈಗೆ ಜಾಳಿಗೆ ಅಂಟಿಸಿದ್ದರೆ ಏಕೆ ಅಂಟಿಸಿದ್ದು ಎಂದು ಕೇಳಿರಿ.

ದಪ್ಪದ ವಿಷಯದಲ್ಲಿ ಮೋಸ ಬಹಳ. 20 ಮಿಲಿಮೀಟರ್ ಎಂದು ಬಿಲ್ಲು, ಅಳೆದರೆ 16. ಅಂಚಿನಲ್ಲಿ ಒಂದೇ ಕಡೆ ಅಳೆಯದೆ ನಾಲ್ಕು ಕಡೆ ಸ್ಕೇಲು ಹಿಡಿಯಿರಿ. ತಕ್ಕಡಿ ನಂಬುವ ನಮ್ಮ ಮಂದಿಗೆ ಇನ್ನೊಂದು ಲೆಕ್ಕ: 20 ಮಿ.ಮೀ. ದಪ್ಪದ ಒಂದು ಚದರ ಅಡಿ ಗ್ರಾನೈಟ್ ಸುಮಾರು 5 ಕಿಲೋ ತೂಗುತ್ತದೆ, ಕರಿ ಕಲ್ಲು ಅರ್ಧ ಕಿಲೋ ಹೆಚ್ಚು. 16 ಮಿ.ಮೀ. ಆದರೆ ನಾಲ್ಕು ಕಿಲೋ. ಸಿಂಕಿಗಾಗಿ ಕೊಯ್ದು ತೆಗೆದ ತುಂಡನ್ನು ಅಳೆದು ತೂಗಿದರೆ ಸತ್ಯ ಹೊರಬೀಳುತ್ತದೆ. ಆ ತುಂಡಿನ ದುಡ್ಡನ್ನೂ ನೀವೇ ಕೊಟ್ಟಿರುತ್ತೀರಿ, ಮನೆಗೆ ತನ್ನಿರಿ. ಲಟ್ಟಿಸುವ ಮಣೆಗೆ ಆದೀತು.

ಅಳತೆಯಲ್ಲೂ ನೋಡಿಕೊಳ್ಳಿರಿ. ಮೂಲೆ ತಿರುಗುವ ಕಟ್ಟೆ, ಒಂದು ಗೋಡೆಗೆ 10 ಅಡಿ, ಇನ್ನೊಂದಕ್ಕೆ 6 ಅಡಿ, ಅಗಲ 2 ಅಡಿ ಎಂದುಕೊಳ್ಳಿ. ಕೆಲವರು 10 ಮತ್ತು 6 ಕೂಡಿಸಿ, ಎರಡರಿಂದ ಗುಣಿಸಿ 32 ಚದರ ಅಡಿ ಬರೆಯುತ್ತಾರೆ. ಮೂಲೆಯ 4 ಚದರ ಅಡಿ ಎರಡು ಸಲ ಎಣಿಕೆಯಾಯಿತು. ಇರುವುದು 28. ಕೊಯ್ಯುವಾಗ ಹಾಳಾಗುವ ಕಲ್ಲಿನ ಬೆಲೆ ಕೇಳುವುದು ನ್ಯಾಯ, ಆದರೆ ಅದನ್ನು ಬೇರೆ ಸಾಲಿನಲ್ಲಿ ಬರೆದು ಕೇಳಲಿ. ಅಂಚು ಉರುಟು ಮಾಡುವ ಮಜೂರಿ, ಸಿಂಕು ಕೊಯ್ಯುವ ಮಜೂರಿ ಎಲ್ಲ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿರಿ.

ಕೂಡಿಸುವ ದಿನ ಮನೆಯ ಹಿರಿಯರೊಬ್ಬರು ಅಲ್ಲೇ ಇರಬೇಕು. ಕಟ್ಟೆಯ ಎತ್ತರ ಗೌಂಡಿಯ ರೂಢಿಯಂತಲ್ಲ, ಅಡಿಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಬೆರಳು ಕೆಳಗಿರಲಿ. ಸಿಂಕಿನ ಕಡೆ ನೂಲಿನಷ್ಟು ಇಳಿಜಾರು ಕೊಡಿಸಿರಿ. ಮುಂದಿನ ಅಂಚಿನ ಕೆಳಮೈಯಲ್ಲಿ ಉದ್ದಕ್ಕೂ ಒಂದು ಗೀರು ಹೊಡೆಸಿದರೆ ಚೆಲ್ಲಿದ ನೀರು ಅಲ್ಲೇ ಹನಿಯಾಗಿ ಬೀಳುತ್ತದೆ, ಕೆಳಗಿನ ಕಪಾಟಿನೊಳಗೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಗೋಡೆಯ ಸಂದಿ. ನಮ್ಮ ಮನೆಯ ಇರುವೆ ಬಂದದ್ದು ಅಲ್ಲಿಂದಲೇ. ಬಿಳಿ ಸಿಮೆಂಟು ತುಂಬಿ ಹೋದರೆ ವರ್ಷದೊಳಗೆ ಕೂದಲೆಳೆಯಷ್ಟು ಬಿರಿಯುತ್ತದೆ, ಅವುಗಳಿಗೆ ಅಷ್ಟು ಸಾಕು. ಸಂದಿ ಶುಚಿ ಮಾಡಿ, ಒಳಗೆ ಜೀವವಿಲ್ಲವೆಂದು ನೋಡಿಕೊಂಡು, ಸಿಲಿಕಾನ್ ತುಂಬಿಸಬೇಕು. ಕಾಸರಗೋಡು, ವಯನಾಡಿನ ನಮ್ಮವರ ಮನೆಗಳಲ್ಲಿ ಮಳೆಗಾಲದ ತಂಪು ಹೆಚ್ಚು, ಅವರು ಇದನ್ನು ಬೇಸಗೆಯಲ್ಲಿ ಗೋಡೆ ಒಣಗಿದಾಗಲೇ ಮಾಡಿಸಿದರೆ ನಿಲ್ಲುತ್ತದೆ.

ಕಲ್ಲು ಕೊಯ್ಯುವವನ ಮಾತು ಹೇಳದೆ ಮುಂದೆ ಹೋಗಲಾರೆ. ಒಣ ಕಲ್ಲಿಗೆ ಕಟರ್ ಹಚ್ಚಿದಾಗ ಏಳುವ ಬಿಳಿ ಧೂಳು ಎದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂಬ ರೋಗಕ್ಕೆ ವಾಸಿಮಾಡುವ ಔಷಧಿಯಿಲ್ಲ. ಅಂಗಳದಲ್ಲಿ ನೀರು ಬಿಡುತ್ತ ಕೊಯ್ಯಲು ಹೇಳಿರಿ, ಮೂಗಿಗೆ ಒಳ್ಳೆಯ ಮಾಸ್ಕ್ ನೀವೇ ತಂದುಕೊಡಿರಿ. ಬಟ್ಟೆ ಕಟ್ಟಿಕೊಂಡರೆ ಈ ಧೂಳು ತಡೆಯುವುದಿಲ್ಲ. ಇತ್ತೀಚೆಗೆ ಕ್ವಾರ್ಟ್ಜ್ ಎಂದು ಕಾರ್ಖಾನೆಯಲ್ಲಿ ಮಾಡಿದ ಹಲಗೆ ಬಹಳ ನಡೆದಿದೆ. ಒಂದೇ ಬಣ್ಣ, ಹೀರುವುದಿಲ್ಲ, ಇರುವೆಯೂ ಕಾಣುತ್ತದೆ ನಿಜ. ಆದರೆ ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಮಾಡಿದ್ದಾದ್ದರಿಂದ ಕುಕ್ಕರು ಇಳಿಸಿಟ್ಟರೆ ಕಲೆ ಬೀಳುತ್ತದೆ. ಅದರ ಧೂಳಿನಲ್ಲಿ ಸಿಲಿಕಾ ಗ್ರಾನೈಟಿಗಿಂತ ಬಹಳ ಹೆಚ್ಚು. ಕೆಲಸಗಾರರ ಪುಪ್ಪುಸ ಹಾಳಾಗುವುದನ್ನು ಕಂಡು ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಾನು ಅಂಗಡಿಯಲ್ಲಿ ಇಡುವುದನ್ನು ಬಿಟ್ಟಿದ್ದೇನೆ. ಗಿರಾಕಿ ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ಇನ್ನು ದಿನದ ಜೋಪಾನ. ಮೊದಲು ಒದ್ದೆ ಬಟ್ಟೆ ಹಾಕುವ ರೂಢಿ ಬಿಡಬೇಕು. ಒದ್ದೆ ಬಟ್ಟೆಯ ಕೆಳಗೆ ಇರುವೆ ಸತ್ತೇ ಹೋಗುತ್ತದೆ, ಸಾಬೂನು ನೀರಾದರಂತೂ ಕೇಳುವುದೇ ಬೇಡ. ನಮ್ಮ ಮನೆಯಲ್ಲಿ ಮೆತ್ತನ್ನ ಒಣ ಕುಂಚದಿಂದ ಮೆಲ್ಲಗೆ ಸರಿಸಿ, ಕಾಗದದ ಮೇಲೆ ತೆಗೆದುಕೊಂಡು ಹಿತ್ತಿಲಿಗೆ ಬಿಟ್ಟು ಬಂದ ಮೇಲೆ ಬಟ್ಟೆ. ಕೊಲ್ಲುವ ಸೀಮೆಸುಣ್ಣ, ಸಿಂಪಡಿಸುವ ವಿಷ ನಮಗೆ ಸಲ್ಲದು, ಅನ್ನ ಇಡುವ ಕಲ್ಲಿನ ಮೇಲೆ ಯಾರಿಗೂ ಸಲ್ಲದು. ಬೆಲ್ಲದ ಡಬ್ಬಿಯ ತಳ ಒರೆಸಿಟ್ಟರೆ ಅರ್ಧ ಕೆಲಸ ಆದಂತೆ. ಸಂಜೆ ಊಟ ಸೂರ್ಯಾಸ್ತದೊಳಗೆ ಮುಗಿಯುವ ಮನೆಗಳಿಗೆ ಒಂದು ಅನುಕೂಲ, ಬೆಳಕಿದ್ದಾಗಲೇ ಕಟ್ಟೆ ತೊಳೆದು ಒರೆಸಿ ಒಣಗಿಸಬಹುದು. ಒರೆಸಿದ ಬಟ್ಟೆಯನ್ನು ಸಿಂಕಿನ ಮೇಲೆ ಮುದ್ದೆ ಮಾಡಿ ಇಡದೆ ಹಿಂಡಿ ಹರವಬೇಕು. ನಮ್ಮ ಜತ್ತಿನ ಬೋರಿನ ನೀರು ಗಡಸು, ಹಾಗೇ ಒಣಗಲು ಬಿಟ್ಟರೆ ನಲ್ಲಿಯ ಸುತ್ತ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆ ತೆಗೆಯಲು ಪಾಯಿಖಾನೆಯ ಆಸಿಡ್ ಸುರಿದವರನ್ನು ಕಂಡಿದ್ದೇನೆ. ಪೊರೆಯೂ ಹೋಯಿತು, ಪಾಲಿಶೂ ಹೋಯಿತು.

ಗ್ರಾನೈಟ್ ಬಿಸಿ ತಡೆಯುತ್ತದೆ ಎಂಬುದು ನಿಜ, ಆದರೆ ಸಿಂಕು ಮತ್ತು ಒಲೆಯ ಮುಂದಿನ ಕಿರಿದಾದ ಪಟ್ಟಿಯ ಮೇಲೆ ಕಾದ ಬಾಣಲೆ ಇಡಬೇಡಿರಿ. ಒಂದು ಕಡೆ ತಣ್ಣೀರು, ಒಂದು ಕಡೆ ಬೆಂಕಿ, ಸೀಳುವುದು ಅಲ್ಲೇ.

ಎಣ್ಣೆ ಕಲೆಗೆ ಅಡಿಗೆ ಸೋಡಾವನ್ನು ನೀರಲ್ಲಿ ಕಲಸಿ ದಪ್ಪಗೆ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟು ತೆಗೆಯಿರಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಅರಿಶಿನಕ್ಕೆ ಸೋಡಾ ಹಚ್ಚಿದರೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ತಿಳಿ ಕಲ್ಲಿನ ಮೇಲಾದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಹತ್ತಿ ಇಟ್ಟು ಮುಚ್ಚಿರಿ. ಕಿಟಕಿಯ ಬಿಸಿಲು ಬೀಳುವ ಜಾಗವಾಗಿದ್ದರೆ ಬಿಸಿಲೇ ಅರಿಶಿನವನ್ನು ತಿನ್ನುತ್ತದೆ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಸ್ವಾಮಿಯ ಮೈಯೆಲ್ಲ ಅರಿಶಿನವಾದದ್ದನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ. ಬಯಲಲ್ಲಿ ನಿಂತ ಕಲ್ಲಿಗೆ ಬಿಸಿಲು ಮಳೆಯ ಸೇವೆಯಿದೆ. ಒಲೆಯ ಪಕ್ಕದ ಕಲ್ಲಿಗೆ ನಾವೇ.

ನಮ್ಮ ಮನೆಯ ಕಟ್ಟೆಯನ್ನು ಪೂರ್ತಿ ಕೀಳಿಸಲಿಲ್ಲ. ಅಡಿಗೆ ಬಡಿಸಿ ಜೋಡಿಸುವ ಕಿಟಕಿ ಕಡೆಯ ಐದು ಅಡಿಯನ್ನು ಮಾತ್ರ ತೆಗೆಸಿ ತಿಳಿ ಬೂದು ಕಲ್ಲು ಹಾಕಿಸಿದೆವು. ಆ ಜಾಗಕ್ಕೆ ಕೆಳಮಟ್ಟದಲ್ಲಿ ಅಡ್ಡ ಬೆಳಕು ಬೀಳುವಂತೆ ಒಂದು ದೀಪ. ಎರಡು ಬಣ್ಣದ ಕಟ್ಟೆ ನೋಡಿದ ಬೀಗರು ಕಲ್ಲು ಸಾಲದೆ ಹೋಯಿತೇನು ಎಂದು ಕೇಳಿದರು. ತೆಗೆದ ಟ್ಯಾನ್ ಬ್ರೌನ್ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ.

ಕೊನೆಗೆ ಅಕ್ಕಲಕೋಟೆಯ ತರುಣರ ಪ್ರಶ್ನೆ: ಅಜ್ಜಿಯ ಕಾಲದ ಕಡಪಾ ಕಟ್ಟೆ ಇದೆ, ಕಿತ್ತು ಗ್ರಾನೈಟ್ ಹಾಕಿಸಲೇ? ಕಲ್ಲು ಸೀಳಿಲ್ಲವಾದರೆ ಬೇಡ. ಹುಳಿ ಬೀಳದಂತೆ ನೋಡಿಕೊಳ್ಳಿರಿ, ಮಂಕಾಗಿದ್ದರೆ ಪಾಲಿಶ್ ಮಾಡುವವರನ್ನು ಕರೆಸಿರಿ, ಗೋಡೆಯ ಸಂದಿ ತುಂಬಿಸಿರಿ, ದೀಪವನ್ನು ಅಡ್ಡಕ್ಕೆ ಹಾಕಿಸಿರಿ. ಇಷ್ಟಕ್ಕೆ ಖರ್ಚು ಹೊಸ ಕಲ್ಲಿನ ಕಾಲು ಭಾಗವೂ ಆಗಲಿಕ್ಕಿಲ್ಲ. ಅಜ್ಜಿಯವರಿಗೆ ಆ ಕಲ್ಲಿನ ಮೇಲೆ ಇರುವೆ ಎಲ್ಲಿಂದ ಬರುತ್ತದೆ ಎಂದು ಗೊತ್ತಿರುತ್ತದೆ, ಮೊದಲು ಅವರನ್ನು ಕೇಳಿರಿ.